ಸುಖದ ತಟ್ಟೆಯಲ್ಲಿ ಕಂಡ ಹಸಿರು

ಆ ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು, ಅಲ್ಲಿಗೆ ಮುಗಿಯಿತು. ಮಿಕ್ಕಂತೆ ಎಲ್ಲರಿಗೂ ಅವಳು ಕತ್ತಲಮ್ಮ. ಇಪ್ಪತ್ನಾಲ್ಕು ವರ್ಷದಿಂದ ಕಾರಿಡಾರಿನ ಕೊನೆಯ ಕಿಟಕಿಯಿಲ್ಲದ ಕೋಣೆಯಲ್ಲಿ, ದೀಪ ಆರಿಸಿಕೊಂಡು, ಬಾಗಿಲ ಸಂದಿಗೆ ಹಳೆಯ ಟವೆಲು ತುರುಕಿಕೊಂಡು ಕೆಲಸ ಮಾಡುವವಳಿಗೆ ಇನ್ನೇನು ಹೆಸರು ಬರುತ್ತದೆ? ಯಾರಾದರೂ ಮರೆತು ಬಾಗಿಲು ತಳ್ಳಿದರೆ ಒಳಗಿನಿಂದ "ಬಾಗ್ಲು! ಬಾಗ್ಲು!" ಎಂದು ಸದ್ದು ಬರುತ್ತಿತ್ತು. ಒಮ್ಮೆ ಸಂಸ್ಥೆಯ ನಿರ್ದೇಶಕರೇ ಯಾರೋ ಅತಿಥಿಗಳನ್ನು ಕರೆದುಕೊಂಡು ಬಂದು ಬಾಗಿಲು ತೆರೆದು, ಬೈಸಿಕೊಂಡು, ಅವಳಾಗಿ ಕರೆಯುವವರೆಗೂ ಹೊರಗೆ ಕೈಕಟ್ಟಿ ನಿಂತಿದ್ದರು. ಅತಿಥಿಗಳು ಹೋದಮೇಲೆ ಕತ್ತಲಮ್ಮನಿಗೆ ಏನೂ ಆಗಲಿಲ್ಲ. ಅವಳು ಮಾಡುವ ಕೆಲಸ ಮತ್ತೊಬ್ಬರಿಗೆ ಬರುತ್ತಿರಲಿಲ್ಲ, ಅದು ನಿರ್ದೇಶಕರಿಗೂ ಗೊತ್ತಿತ್ತು.

ಅದೇನು ಕೆಲಸ ಎಂದು ಕೇಳಿದರೆ ಅಲ್ಲಿನ ವಿಜ್ಞಾನಿಗಳು ಹೇಳುವುದು ಕಷ್ಟ ಎಂದು ತಲೆ ಆಡಿಸುತ್ತಾರೆ. ಕಷ್ಟವೇನಿಲ್ಲ. ಕತ್ತಲಮ್ಮ ಅದನ್ನು ತನ್ನ ಅಕ್ಕನಿಗೆ ಒಂದು ಲೋಟ ಟೀ ಮುಗಿಯುವುದರೊಳಗೆ ಹೇಳಿ ಮುಗಿಸಿದ್ದಳು.

"ನೋಡಕ್ಕಾ, ನಮ್ಮ ಮೈಯಲ್ಲಿರೋ ಒಂದೊಂದು ಜೀವಕೋಶನೂ ಒಂದೊಂದು ಮನೆ ಅಂದ್ಕೋ. ಒಳಗೆ ದುಡಿಯೋವೆಲ್ಲ ಪ್ರೋಟೀನುಗಳು. ಅವು ಅಚ್ಚುಕಟ್ಟಾಗಿ ಮಡಿಸಿಟ್ಟ ಬಟ್ಟೆ ಥರ ಇರ್ಬೇಕು. ಬಿಸಿ ಜಾಸ್ತಿ ಆಯ್ತೋ, ಮಡಿಕೆ ಎಲ್ಲ ಬಿಚ್ಚಿ ಗೋಜಲಾಗ್ಬಿಡುತ್ತೆ. ಆಗ ಒಬ್ಬಳು ದೊಡ್ಡಮ್ಮ ಓಡಿ ಬರ್ತಾಳೆ. ಬಿಚ್ಚಿದ್ದನ್ನ ಹಿಡ್ಕೊಂಡು ಮತ್ತೆ ಮಡಿಸಿ ಇಡ್ತಾಳೆ. ಅವಳಿಗೆ ಶಾಪರೋನ್ ಪ್ರೋಟೀನು ಅಂತಾರೆ."

"ಎಲ್ಲಾ ಮನೇಲೂ ಇರ್ತಾಳಾ?"

"ಇರ್ತಾಳೆ. ಸುಖವಾಗಿದ್ದಾಗ ಎಲ್ಲೋ ಮೂಲೇಲಿ ಕೂತಿರ್ತಾಳೆ, ಕಣ್ಣಿಗೇ ಬೀಳಲ್ಲ. ಕಷ್ಟ ಬಂದಾಗ ಮನೆ ತುಂಬಾ ಅವಳೇ."

"ಮತ್ತೆ ಅವಳನ್ನ ನೀನು ಹೆಂಗೆ ಹುಡುಕ್ತೀಯ?"

"ಅವಳಿಗೇ ಅಂತ ಒಂದು ಆಂಟಿಬಾಡಿ ಸಿಗುತ್ತೆ. ಬೇರೆ ಯಾರನ್ನೂ ಮುಟ್ಟಲ್ಲ, ಅವಳನ್ನೇ ಹುಡ್ಕೊಂಡು ಹೋಗಿ ಅಂಟ್ಕೊಳ್ಳುತ್ತೆ. ಅದಕ್ಕೆ ಹೊಳೆಯೋ ಬಣ್ಣ ಸೇರ್ಸಿರ್ತಾರೆ. ನೀಲಿ ಬೆಳಕು ಬಿಟ್ರೆ ಹಸಿರಾಗಿ ಮಿನುಗುತ್ತೆ. ಹಸಿರು ಕಂಡ್ರೆ ದೊಡ್ಡಮ್ಮ ಬಂದಿದಾಳೆ ಅಂತ ಲೆಕ್ಕ. ಆ ಬಣ್ಣಕ್ಕೆ ಮಾಮೂಲಿ ಬೆಳಕು ಬಿದ್ರೆ ಮಂಕಾಗ್ಬಿಡುತ್ತೆ. ಅದಕ್ಕೇ ಕತ್ತಲು."

ಅಕ್ಕ ಲೋಟ ಕೆಳಗಿಟ್ಟಳು. "ಅಂದ್ರೆ ಇಷ್ಟು ವರ್ಷ ಓದಿ ನೀನು ಕಂಡೋರ ಮನೆ ಕಿಟಕೀಲಿ ಇಣುಕೋ ಕೆಲ್ಸ ಹಿಡಿದಿದೀಯ ಅನ್ನು."

ಈ ಅಕ್ಕ ಕತ್ತಲಮ್ಮನಿಗಿಂತ ಏಳು ವರ್ಷ ದೊಡ್ಡವಳು. ಇಬ್ಬರೂ ಒಂದೇ ಮನೆಯಲ್ಲಿದ್ದರು. ಇಬ್ಬರಿಗೂ ಮದುವೆಯ ಗೊಡವೆ ಇರಲಿಲ್ಲ, ಒಬ್ಬರನ್ನೊಬ್ಬರು ಬೈಯುವುದಕ್ಕೆ ಮೂರನೆಯವರ ಅಗತ್ಯವೂ ಇರಲಿಲ್ಲ. ಅಕ್ಕ ಟೆಲಿಫೋನ್ ಕಚೇರಿಯಲ್ಲಿದ್ದವಳು. ಐವತ್ತರ ಆಸುಪಾಸಿನಲ್ಲಿ ಅವಳಿಗೆ ಬೀದಿದೀಪಗಳ ಸುತ್ತ ಬಳೆ ಬಳೆಯಾಗಿ ಬೆಳಕು ಕಾಣತೊಡಗಿತು. ವಯಸ್ಸಾಯಿತು, ಇನ್ನೇನು ಎಂದುಕೊಂಡು ಸುಮ್ಮನಿದ್ದಳು. ಅದು ಗ್ಲಾಕೋಮಾ ಎಂದು ತಿಳಿಯುವ ಹೊತ್ತಿಗೆ ಕಣ್ಣಿನ ನರ ಮುಕ್ಕಾಲು ಪಾಲು ಹೋಗಿತ್ತು. ಈಗ ಏನೂ ಕಾಣುವುದಿಲ್ಲ. ಇದು ಮನೆತನದಲ್ಲಿ ಹರಿಯುವ ಕಾಯಿಲೆ, ತಂಗಿ ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗಬೇಕು ಎಂದು ಅಂದೇ ಡಾಕ್ಟರು ಹೇಳಿದ್ದರು. ತಂಗಿ ನಾಲ್ಕು ವರ್ಷ ಹೋದಳು. ಆಮೇಲೆ ಕೆಲಸ, ನೆಗಡಿ, ಮಳೆ, ಬಸ್ಸು ಸಿಗಲಿಲ್ಲ ಎಂದು ಎರಡು ವರ್ಷ ತಪ್ಪಿಸಿದಳು. ಡಾಕ್ಟರ ಹತ್ತಿರ ಹೋಗದಿರುವುದಕ್ಕೆ ನಮಗೆ ಹೊಳೆಯುವಷ್ಟು ನೆಪಗಳು ಬೇರೆ ಯಾವುದಕ್ಕೂ ಹೊಳೆಯುವುದಿಲ್ಲ.

ಆ ಸೋಮವಾರ ಬೆಳಿಗ್ಗೆ ಕತ್ತಲಮ್ಮ ಅರ್ಧ ಡಾಕ್ಟರ ಕೆಲಸ ಹಿಡಿದು ಕೂತಿದ್ದಳು. ಅರ್ಧ ಡಾಕ್ಟರೆಂದರೆ ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹೆಂಗಸು. ಮೂರು ವರ್ಷದ ಮಗಳ ತಾಯಿ. ಐದು ವರ್ಷದಿಂದ ಪ್ರಬಂಧ ಇವತ್ತು ಮುಗಿಯುತ್ತೆ, ನಾಳೆ ಮುಗಿಯುತ್ತೆ ಎನ್ನುತ್ತಿದ್ದುದರಿಂದ ಕತ್ತಲಮ್ಮನೇ ಇಟ್ಟ ಹೆಸರು. ಈಗ ಉಳಿದಿದ್ದು ಒಂದೇ ಪ್ರಯೋಗ. ಶುಕ್ರವಾರ ಸಂಜೆಯೊಳಗೆ ಅಂಕಿಗಳನ್ನು ಗೈಡ್ ಮೇಡಂಗೆ ಕಳಿಸಿಬಿಟ್ಟರೆ ಪ್ರಬಂಧ ಕಟ್ಟಿಸಲು ಕೊಡಬಹುದಿತ್ತು.

ಪ್ರಯೋಗದಲ್ಲಿ ದಿನಕ್ಕೆ ಮೂರು ಗಾಜು, ಅಂದರೆ ತಟ್ಟೆಯಲ್ಲಿ ಸಾಕಿದ ಕೋಶಗಳನ್ನು ಅಂಟಿಸಿದ ಸ್ಲೈಡು. ಮೊದಲನೆಯದರಲ್ಲಿ ಬಿಸಿನೀರಿನ ತೊಟ್ಟಿಯಲ್ಲಿಟ್ಟು ಬೇಯಿಸದೆ ಬಾಡಿಸಿದ ಕೋಶಗಳು. ಇದು ಜ್ವರದ ತಟ್ಟೆಯದು. ಎರಡನೆಯದು ಸುಖದ ತಟ್ಟೆಯದು: ಈ ಕೋಶಗಳನ್ನು ಇನ್‌ಕ್ಯುಬೇಟರಿನಲ್ಲಿ ಅಂದರೆ ಕಾವಿನ ಪೆಟ್ಟಿಗೆಯಲ್ಲಿ, ಮೂವತ್ತೇಳು ಡಿಗ್ರಿಯಲ್ಲಿ, ಹೊಟ್ಟೆ ತುಂಬ ಊಟ ಕೊಟ್ಟು ಸಾಕಿರುತ್ತಾರೆ. ಮೂರನೆಯದು ಖಾಲಿ ಗಾಜು. ಅದರಲ್ಲೂ ಸುಖದ ತಟ್ಟೆಯ ಕೋಶಗಳೇ, ಆದರೆ ಯಾವುದಕ್ಕೂ ಅಂಟದ ಬೇರೊಂದು ಆಂಟಿಬಾಡಿ ಹಾಕಿರುತ್ತಾರೆ. ಅದು ಕಪ್ಪಗಿರಬೇಕು. ಕತ್ತಲಮ್ಮ ಬೆಳ್ಳಿ ಹಾಳೆ ಸುತ್ತಿದ ಪುಟ್ಟ ಸೀಸೆಯನ್ನು ಫ್ರಿಜ್ಜಿನಿಂದ ತೆಗೆದು, ತೊಟ್ಟು ತೊಟ್ಟಾಗಿ ಹಾಕಿ, ಒಂದು ಗಂಟೆ ಮುಚ್ಚಿಟ್ಟು, ಮೂರು ಸಲ ತೊಳೆದು, ಸೂಕ್ಷ್ಮದರ್ಶಕಕ್ಕೆ ಏರಿಸಿದಳು. ಕ್ಯಾಮೆರಾ ರಿಪೇರಿಗೆ ಹೋಗಿ ಎರಡು ವಾರವಾಗಿತ್ತು. ಹಾಗಾಗಿ ಎಣಿಕೆಯೆಲ್ಲ ಕಣ್ಣಿನಲ್ಲೇ. ನೂರು ಕೋಶ ನೋಡುವುದು, ಎಷ್ಟು ಹಸಿರಾಗಿವೆ ಎಂದು ಬೆರಳ ಕೆಳಗಿನ ಗುಂಡಿ ಒತ್ತಿ ಎಣಿಸುವುದು.

ಜ್ವರದ ತಟ್ಟೆಯಲ್ಲಿ ತೊಂಬತ್ತೆರಡು. ಸರಿಯೇ. ಸುಖದ ತಟ್ಟೆಯಲ್ಲಿ ಯಾವಾಗಲೂ ಎರಡೋ ಮೂರೋ ಬರಬೇಕು. ಅವಳು ಕನ್ನಡಕ ತೆಗೆದಿಟ್ಟು ಕಣ್ಣು ಹಚ್ಚಿದಳು. ಹಸಿರು. ಎಲ್ಲಿ ನೋಡಿದರೂ ಹಸಿರು. ಎಣಿಸಿದರೆ ಐವತ್ತೇಳು.

ಕಣ್ಣು ಉಜ್ಜಿಕೊಂಡು ಮತ್ತೆ ಎಣಿಸಿದಳು. ಐವತ್ತೇಳೇ. ಆಗ ಅವಳಿಗೆ ಹಿಂದಿನ ವಾರ ಬಸ್ ನಿಲ್ದಾಣದಿಂದ ಮನೆಗೆ ನಡೆದು ಬರುವಾಗ ಕಂಡದ್ದು ನೆನಪಾಯಿತು. ಬೀದಿದೀಪಗಳ ಸುತ್ತ ಬೆಳಕಿನ ಬಳೆಗಳು. ಕೈಕಾಲು ತಣ್ಣಗಾದವು. ಇಪ್ಪತ್ನಾಲ್ಕು ವರ್ಷದಲ್ಲಿ ಸುಖದ ತಟ್ಟೆ ಒಂದು ದಿನವೂ ಹೀಗೆ ಹೊಳೆದಿರಲಿಲ್ಲ. ಹಾಗಾದರೆ ಕೆಟ್ಟಿರುವುದು ತಟ್ಟೆಯಲ್ಲ, ನನ್ನ ಕಣ್ಣು ಎಂದು ಅವಳು ಅಲ್ಲೇ ತೀರ್ಮಾನಿಸಿಬಿಟ್ಟಳು.

ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರು? ಬಾಗಿಲಿಗೆ ಬಂದು, "ಸ್ವಲ್ಪ ಬಂದು ನೋಡಮ್ಮ" ಎಂದು ಅರ್ಧ ಡಾಕ್ಟರನ್ನು ಕರೆಯುತ್ತಿದ್ದರು. ಕತ್ತಲಮ್ಮ ಕರೆಯಲು ಎದ್ದಳು ಕೂಡ. ಎದ್ದವಳ ಕಾಲು ಮುಂದೆ ಹೋಗಲಿಲ್ಲ. ಅರ್ಧ ಡಾಕ್ಟರು ಬಂದು ನೋಡಿ, "ಇಲ್ಲಿ ಎಲ್ಲಾ ಕಪ್ಪಗಿದೆಯಲ್ಲ" ಎಂದುಬಿಟ್ಟರೆ? ಊಟದ ಹೊತ್ತಿಗೆ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ. ಕಣ್ಣು ಹೋದ ಕತ್ತಲಮ್ಮನಿಗೆ ಆ ಕೋಣೆಯಲ್ಲಿ ಏನು ಕೆಲಸ? ಎಲ್ಲೋ ಮೂಲೆಯಲ್ಲಿ ಕೂಡಿಸಿ ಕಾಗದ ಜೋಡಿಸುವುದಕ್ಕೆ ಹಾಕುತ್ತಾರೆ, ಆಮೇಲೆ ಅದೂ ಇಲ್ಲ. ಅವಳು ತಿರುಗಿ ಕೂತಳು. ಪೆನ್ನು ತೆಗೆದು ದಾಖಲೆ ಪುಸ್ತಕದಲ್ಲಿ ಬರೆದಳು: ಸುಖದ ತಟ್ಟೆ, ನೂರಕ್ಕೆ ಮೂರು.

ಸುಳ್ಳು ಬರೆಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲಿಲ್ಲ ಎಂದರೆ ನಂಬಬೇಕು. ಕಂಡದ್ದೇ ಸುಳ್ಳು, ಬರೆದದ್ದು ನಿಜ ಎಂದೇ ಅವಳ ಲೆಕ್ಕ. ಚೆನ್ನಾಗಿ ಕೆಲಸ ಬಲ್ಲವರು ಮಾತ್ರ ಮಾಡುವಂಥ ತಪ್ಪು ಇದು. ಹೊಸಬರಾಗಿದ್ದರೆ ಕಂಡದ್ದನ್ನು ಕಂಡ ಹಾಗೇ ಬರೆದು ಬೈಸಿಕೊಂಡು ಬಚಾವಾಗುತ್ತಿದ್ದರು.

ಮಂಗಳವಾರ ಅರವತ್ತೊಂದು ಕಂಡಿತು, ಎರಡು ಎಂದು ಬರೆದಳು. ಬುಧವಾರ ಅರವತ್ತು, ಬರೆದದ್ದು ಮೂರು. ಗುರುವಾರ ಅರವತ್ತಮೂರು. ಅಂದೂ ಮೂರು ಎಂದೇ ಬರೆದಳು. ಅರ್ಧ ಡಾಕ್ಟರು ಪುಸ್ತಕ ನೋಡಿ ಹಿಗ್ಗಿ ಹೀರೇಕಾಯಿಯಾದಳು. "ಕತ್ತಲಮ್ಮ, ಎಷ್ಟು ಚೊಕ್ಕವಾಗಿ ಬಂದಿದೆ ನೋಡಿ! ನಿಮ್ಮ ಕಣ್ಣಿಗೆ ದೃಷ್ಟಿ ತೆಗೀಬೇಕು!" ಎಂದು ಒಂದು ಡಬ್ಬಿ ಬಿಸ್ಕತ್ತು ತಂದಿಟ್ಟಳು. ಕತ್ತಲಮ್ಮ ಆ ಡಬ್ಬಿಯನ್ನು ತೆರೆಯದೆ ಕಪಾಟಿನ ಹಿಂದಕ್ಕೆ ತಳ್ಳಿದಳು.

ಮನೆಯಲ್ಲಿ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಗುಟ್ಟಾಗಿ ಅಭ್ಯಾಸ ಶುರುಮಾಡಿದ್ದಳು. ಕಣ್ಣು ಮುಚ್ಚಿಕೊಂಡು ಅಡುಗೆಮನೆಗೆ ಹೋಗುವುದು, ಉಪ್ಪಿನ ಡಬ್ಬಿ ಯಾವುದು, ಸಕ್ಕರೆಯದು ಯಾವುದು ಎಂದು ತಡವಿ ನೋಡುವುದು, ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಎಣಿಸುವುದು. ಗುರುವಾರ ಸಂಜೆ ಹೀಗೇ ಹೋಗುತ್ತಾ ಮೊಣಕಾಲನ್ನು ಸ್ಟೂಲಿಗೆ ಗುದ್ದಿಕೊಂಡಳು.

"ಪುಟ್ಟೀ," ಎಂದಳು ನಡುಮನೆಯಲ್ಲಿ ಕೂತಿದ್ದ ಅಕ್ಕ. ಐವತ್ತೊಂದಾದರೂ ತಂಗಿ ಅವಳಿಗೆ ಪುಟ್ಟಿಯೇ. "ಇದು ಮೂರನೇ ಸಲ. ಸೋಮವಾರ ಬಾಗ್ಲು, ನಿನ್ನೆ ಮೇಜು, ಇವತ್ತು ಸ್ಟೂಲು. ಏನು ನಡೀತಿದೆ?"

"ಏನಿಲ್ಲಕ್ಕಾ. ಕಾಲು ಜಾರ್ತು."

"ನಂಗೆ ಕಣ್ಣಿಲ್ಲ ಕಣೇ, ಕಿವಿ ಇದೆ. ಕಣ್ಣಿರೋರು ಹಂಗೆ ನಡಿಯಲ್ಲ. ಕಾಲೆಳೆದುಕೊಂಡು, ಗೋಡೆ ಸವರಿಕೊಂಡು… ಅದು ನನ್ನ ನಡಿಗೆ. ನೀನ್ಯಾಕೆ ಹಂಗೆ ನಡೀತಿದೀಯ?"

ಕತ್ತಲಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾಲ್ಕು ದಿನ ತಡೆದಿಟ್ಟದ್ದೆಲ್ಲ ಒಂದೇ ಉಸಿರಿಗೆ ಆಚೆ ಬಂತು. ಬಳೆಗಳು, ಹಸಿರು, ಐವತ್ತೇಳು, ಅರವತ್ತೊಂದು, ಮೂರು ಎಂದು ಬರೆದದ್ದು, ಎಲ್ಲ. ಅಕ್ಕ ನಡುವೆ ಬಾಯಿ ಹಾಕದೆ ಕೇಳಿದಳು. ಇದು ಆ ಮನೆಯಲ್ಲಿ ಅಪರೂಪ.

"ಆ ಇನ್ನೊಂದು ಗಾಜು ಇದೆಯಲ್ಲ, ಕಪ್ಪಗಿರ್ಬೇಕು ಅಂತೀಯಲ್ಲ, ಖಾಲೀದು. ಅದು ಹೆಂಗೆ ಕಾಣ್ತು?"

"ಕಪ್ಪಗೇ ಇತ್ತು."

"ನಾಲ್ಕು ದಿನಾನೂ?"

"ಹೂಂ."

"ನಂಗೆ ಕಣ್ಣು ಹೋದಾಗ ಎಲ್ಲಾ ಕಡೆನೂ ಹೋಯ್ತು, ಪುಟ್ಟಿ. ಒಂದು ತಟ್ಟೇಲಿ ಚೆನ್ನಾಗಿ ಕಂಡು ಪಕ್ಕದ ತಟ್ಟೇಲಿ ಕೆಡಲಿಲ್ಲ. ಕಣ್ಣು ಕೆಟ್ರೆ ಆರಿಸಿ ಆರಿಸಿ ಕೆಡುತ್ತಾ?"

ಆ ಖಾಲಿ ಗಾಜನ್ನು ಇಡುವುದೇ ಇಂಥ ಅನುಮಾನ ಬಂದಾಗ ನೋಡುವುದಕ್ಕೆ. ಎಷ್ಟು ಜನ ವಿದ್ಯಾರ್ಥಿಗಳಿಗೆ ಅವಳೇ ಅದನ್ನು ಬೈದು ಬೈದು ಕಲಿಸಿದ್ದಳು! ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಹೆದರಿಕೆ ಹೊಟ್ಟೆಯೊಳಗೆ ಹೊಕ್ಕ ಮೇಲೆ ಒಂದು ಒಳ್ಳೆಯ ಮಾತಿಗೆ ಎದ್ದು ಹೋಗುವುದಿಲ್ಲ. "ಬಳೆ ಕಂಡಿದ್ದು ನಿಜ ಅಲ್ವಾ ಅಕ್ಕಾ?" ಎಂದಳು.

"ಅದಕ್ಕೇ ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋದು. ನಾನೂ ಬರ್ತೀನಿ. ಬಸ್ಸು ಸಿಗಲಿಲ್ಲ, ಮಳೆ ಬಂತು ಅಂತ ಕಥೆ ಕಟ್ಟಿದ್ರೆ ನೋಡು."

ಶುಕ್ರವಾರ ಬೆಳಿಗ್ಗೆ ಅಕ್ಕ ತಂಗಿಯ ಮೊಣಕೈ ಹಿಡಿದುಕೊಂಡು ಬಂದಳು. ನೋಡಿದವರಿಗೆ ತಂಗಿ ಅಕ್ಕನನ್ನು ಕರೆತಂದ ಹಾಗೆ ಕಾಣುತ್ತಿತ್ತು, ನಿಜವಾಗಿ ಎಳೆದು ತಂದವಳು ಅಕ್ಕ. ಕಣ್ಣಿನ ಡಾಕ್ಟರು ಕತ್ತಲಮ್ಮನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಕಣ್ಣಿಗೆ ಹಳದಿ ಹನಿಯೊಂದನ್ನು ಬಿಟ್ಟು, ದೀಪ ಆರಿಸಿ, ನೀಲಿ ಬೆಳಕು ಹಾಯಿಸಿದರು. ಬಣ್ಣದ ಹನಿ, ಕತ್ತಲು, ನೀಲಿ ಬೆಳಕು, ಎಲ್ಲ ಅವಳದೇ ಕಸುಬಿನವು. ಈ ಸಲ ಗಾಜಿನ ಕೆಳಗೆ ಇದ್ದವಳು ತಾನು. ಆಮೇಲೆ ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ. ಆಮೇಲೆ ಪಾಪೆ ಹಿಗ್ಗಿಸುವ ಹನಿ ಬಿಟ್ಟು, ಅರ್ಧ ಗಂಟೆ ಕೂರಿಸಿ, ಕಣ್ಣಿನ ಹಿಂದಿನ ನರ ನೋಡಿದರು. ನೋಡಿದರು, ನೋಡಿದರು. ಕತ್ತಲಮ್ಮ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಒತ್ತಡ ಸರಿಯಾಗಿದೆ, ನರ ಗಟ್ಟಿಮುಟ್ಟಾಗಿದೆ, ಪಕ್ಕದ ನೋಟಾನೂ ಚೆನ್ನಾಗಿದೆ," ಎಂದರು ಡಾಕ್ಟರು. "ನಿಮ್ಮ ಕಣ್ಣಿಗೆ ಏನೂ ಆಗಿಲ್ಲಮ್ಮ."

"ದೀಪದ ಸುತ್ತ ಬಳೆ, ಡಾಕ್ಟ್ರೇ?"

ಡಾಕ್ಟರು ಅವಳ ಕನ್ನಡಕವನ್ನು ಬೆಳಕಿಗೆ ಎತ್ತಿ ಹಿಡಿದರು. "ಇದನ್ನ ಯಾವುದ್ರಲ್ಲಿ ಒರೆಸ್ತೀರಿ?"

"ನಮ್ಮ ಲ್ಯಾಬ್ ಕೋಟಿನ ಅಂಚಲ್ಲಿ."

"ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೀರಿ. ಗಾಜಿನ ತುಂಬಾ ಗೀರು. ಬಳೆ ಕಾಣದೆ ಇನ್ನೇನು ಕಾಣುತ್ತೆ?"

ಹೋದ ಜೀವ ಬಂದಂತಾಯಿತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಕ್ಕನ ಪಕ್ಕ ಬಂದು ಕೂತಳು. ಅವಳು ಹೇಳುವ ಮೊದಲೇ ಅಕ್ಕ ಅವಳ ಕೈ ಸವರಿ, ಬೆಳಿಗ್ಗೆ ತಣ್ಣಗಿದ್ದ ಬೆರಳು ಈಗ ಬೆಚ್ಚಗಿರುವುದನ್ನು ತಿಳಿದು, "ಅಬ್ಬ!" ಎಂದಳು. ಆಮೇಲೆ ಅವಳ ಮುಖ ಸೊಟ್ಟಗಾಯಿತು. ಇಷ್ಟು ವರ್ಷದಲ್ಲಿ ತನ್ನ ಕಣ್ಣಿಗಾಗಿ ಅಳದಿದ್ದ ಹೆಂಗಸು ತಂಗಿಯ ಕಣ್ಣಿಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಗಳಗಳನೆ ಅತ್ತಳು. ತಂಗಿಯೂ ಅತ್ತಳು. ಪಕ್ಕದಲ್ಲಿದ್ದವರು ಪಾಪ, ಏನೋ ಕೆಟ್ಟ ಸುದ್ದಿ ಎಂದು ಸರಿದು ಜಾಗ ಕೊಟ್ಟರು.

ಮೆಟ್ಟಿಲಿಳಿಯುವಾಗ ಕತ್ತಲಮ್ಮ ಗಕ್ಕನೆ ನಿಂತಳು. "ಅಕ್ಕಾ, ನನ್ನ ಕಣ್ಣು ಸರಿ ಇದ್ರೆ, ಆ ಹಸಿರೂ ನಿಜ. ನಾನು ಬರೆದಿದ್ದು ಸುಳ್ಳು. ಅರ್ಧ ಡಾಕ್ಟ್ರು ಅದನ್ನ ಇವತ್ತು ಕಳಿಸ್ತಾಳೆ."

"ಹಂಗಾದ್ರೆ ಇಲ್ಯಾಕೆ ನಿಂತಿದೀಯ?" ಎಂದಳು ಅಕ್ಕ. "ನನ್ನ ಬಸ್ಸು ಹತ್ತಿಸು, ಓಡು."

ಹಿಗ್ಗಿದ ಪಾಪೆಗೆ ಬಿಸಿಲು ತಡೆಯಲಾಗದೆ ಕಣ್ಣು ಕಿರಿದು ಮಾಡಿಕೊಂಡು, ಹತ್ತಿರದ್ದೆಲ್ಲ ಮಂಜುಮಂಜಾಗಿ ಕಾಣುತ್ತಿದ್ದ ಹಾಗೆಯೇ ಅವಳು ಪ್ರಯೋಗಾಲಯಕ್ಕೆ ಬಂದು ಮುಟ್ಟಿದಾಗ ಹನ್ನೊಂದೂವರೆ. ಅರ್ಧ ಡಾಕ್ಟರು ಕಂಪ್ಯೂಟರಿನ ಮುಂದೆ ಕೂತಿದ್ದಳು.

"ಕಳಿಸಿದ್ಯಾ?"

"ಇನ್ನೇನು ಕಳಿಸ್ಬೇಕು. ಯಾಕೆ ಕತ್ತಲಮ್ಮ, ಕಣ್ಣಿಗೇನಾಯ್ತು?"

"ಕಳಿಸ್ಬೇಡ. ನಾಲ್ಕು ದಿನದ್ದೂ ತಪ್ಪು ಬರೆದಿದೀನಿ." ಅವಳು ನಿಂತೇ ಎಲ್ಲ ಹೇಳಿದಳು. ಕೂತರೆ ಹೇಳಲಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅರ್ಧ ಡಾಕ್ಟರ ಮುಖ ಬಿಳಿಚಿಕೊಂಡಿತು. "ನನ್ನನ್ನ ಒಂದು ಮಾತು ಕರೀಬಾರ್ದಿತ್ತಾ? ಪಕ್ಕದ ಕೋಣೇಲೇ ಇದ್ನಲ್ಲ! ನಾಲ್ಕು ದಿನದಿಂದ ಮುಗೀತು ಮುಗೀತು ಅಂತ ಮನೇಲೆಲ್ಲ ಹೇಳ್ಕೊಂಡು ಕುಣಿದಿದೀನಿ." ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಕತ್ತಲಮ್ಮ ತಲೆ ತಗ್ಗಿಸಿ ನಿಂತಳು, ಒಂದು ನೆಪವನ್ನೂ ಹೇಳಲಿಲ್ಲ.

ಅರ್ಧ ಡಾಕ್ಟರು ಎದ್ದು ಕತ್ತಲ ಕೋಣೆಗೆ ನಡೆದಳು. ಹಿಂದಿನ ದಿನದ ಗಾಜುಗಳು ಫ್ರಿಜ್ಜಿನಲ್ಲಿ ಕಪ್ಪು ಡಬ್ಬಿಯೊಳಗೆ ಹಾಗೇ ಇದ್ದವು. ಕತ್ತಲಮ್ಮನಿಗೆ ಹನಿಯ ಮಬ್ಬಿನಲ್ಲಿ ಎಣಿಸಲಾಗುತ್ತಿರಲಿಲ್ಲ. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು, ಗುಂಡಿಯ ಟಿಕ್ ಟಿಕ್ ಸದ್ದು ಕೇಳುತ್ತಿದ್ದಳು. ಹತ್ತಾಯಿತು. ಇಪ್ಪತ್ತಾಯಿತು. ಸದ್ದು ನಿಲ್ಲಲಿಲ್ಲ. ಮೂರಕ್ಕೆ ನಿಂತಿದ್ದರೆ ತನ್ನ ಗತಿ ಏನಾಗುತ್ತಿತ್ತೆಂದು ಈಗ ಯೋಚಿಸಿದರೂ ಅವಳಿಗೆ ಮೈ ಜುಮ್ಮೆನ್ನುತ್ತದೆ.

"ಗುರುವಾರ ನೀವು ನೋಡಿದ್ದೆಷ್ಟು?"

"ಅರವತ್ತಮೂರು."

"ನಂಗೆ ಅರವತ್ತೆರಡು." ಅರ್ಧ ಡಾಕ್ಟರು ತಲೆ ಎತ್ತಿದಳು. "ನಿಮ್ಮ ಮುಂದೆ ನನ್ನ ಕಣ್ಣೇ ಒಂದು ಕಮ್ಮಿ."

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಸುಖದ ತಟ್ಟೆಗೆ ಏನು ಕಷ್ಟ ಬಂತು? ಕತ್ತಲಮ್ಮ ಇನ್‌ಕ್ಯುಬೇಟರಿನ ಹತ್ತಿರ ಹೋದಳು. ಅದರ ಹಣೆಯ ಮೇಲಿನ ಅಂಕಿ ಮೂವತ್ತೇಳು ಎಂದೇ ತೋರಿಸುತ್ತಿತ್ತು. ಬಾಗಿಲು ತೆರೆದು ಒಳಗೆ ಕೈಯಾಡಿಸಿದಳು. ಶಾಖ ಅಳೆಯುವ ತಂತಿ ಹಿಂಬದಿಯ ಕೊಕ್ಕೆಯಲ್ಲಿರಬೇಕು. ಅಲ್ಲಿ ಇರಲಿಲ್ಲ. ಬೆರಳಿಂದ ತಡವುತ್ತಾ ಬಂದರೆ ಬಾಗಿಲ ರಬ್ಬರಿನ ಪಕ್ಕದಲ್ಲಿ, ಹೊರಗಿನ ತಣ್ಣನೆ ಗಾಳಿ ನುಸುಳುವ ಕಡೆ ಜೋತಾಡುತ್ತಿತ್ತು. ತಣ್ಣಗಿದೆ, ತಣ್ಣಗಿದೆ ಎಂದು ಅದು ಹೇಳುತ್ತಿದ್ದರೆ ಯಂತ್ರ ಪಾಪ ಇನ್ನಷ್ಟು ಕಾಯಿಸುತ್ತಾ ಹೋಗಿದೆ. ಅರ್ಧ ಡಾಕ್ಟರು ಒಳಗೊಂದು ಬೇರೆ ಥರ್ಮಾಮೀಟರ್ ಇಟ್ಟು ಕಾದು ನೋಡಿದಳು. ನಲವತ್ತೊಂದು. ಸುಖದ ತಟ್ಟೆಗೆ ಒಂದು ವಾರದಿಂದ ಜ್ವರ.

"ಹೋದ ಶನಿವಾರ ಒಳಗೆಲ್ಲ ಒರೆಸಿದ್ದು ನಾನೇ! ತಂತೀನ ಕೊಕ್ಕೆಗೆ ಸಿಕ್ಕಿಸೋದು ಮರೆತಿದೀನಿ. ನಂದೇ ತಪ್ಪು ಕಣಮ್ಮ, ಪೂರ್ತಿ ನಂದೇ!" ಎಂದು ಕತ್ತಲಮ್ಮ ಬಹುಮಾನ ಬಂದವಳ ಹಾಗೆ ಕೂಗಿದಳು. ತಪ್ಪು ಸಿಕ್ಕಿದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ಅರ್ಧ ಡಾಕ್ಟರು ನೋಡಿರಲಿಲ್ಲ. ಸಿಟ್ಟಾಗಿಯೇ ಇರಬೇಕೆಂದು ತುಟಿ ಕಚ್ಚಿಕೊಂಡವಳು ತಡೆಯಲಾರದೆ ನಕ್ಕುಬಿಟ್ಟಳು. ಗೈಡ್ ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಮೇಡಂ ಇಬ್ಬರಿಗೂ ಸೇರಿಸಿ ಐದು ನಿಮಿಷ ಚೆನ್ನಾಗಿ ಬೈದು, ದಾಖಲೆ ಸರಿಮಾಡಿ, ಹದಿನೈದು ದಿನ ಹೆಚ್ಚು ತಗೊಳ್ಳಿ ಎಂದು ಫೋನಿಟ್ಟರು.

ದಾಖಲೆ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ, ಹಾಳೆ ಕೀಳುವ ಹಾಗಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರುವಂತೆ. ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ಕಾರಣ, ಕೊನೆಗೆ ಸಹಿ. ಕತ್ತಲಮ್ಮ ಪುಸ್ತಕವನ್ನು ಕೈಯಳತೆಯ ದೂರದಲ್ಲಿ ಹಿಡಿದುಕೊಂಡು, ಮಬ್ಬುಗಣ್ಣಿಗೆ ಕಾಣುವಂತೆ ದೊಡ್ಡ ದೊಡ್ಡ ಅಂಕಿಗಳಲ್ಲಿ ಐವತ್ತೇಳು, ಅರವತ್ತೊಂದು, ಅರವತ್ತು, ಅರವತ್ತಮೂರು ಎಂದು ಬರೆದಳು. ಕಾರಣದ ಜಾಗದಲ್ಲಿ ಸಾಮಾನ್ಯವಾಗಿ ಎಲ್ಲರೂ ಬರೆಯುವುದು 'ಎಣಿಕೆಯ ದೋಷ' ಎಂದು. ಅವಳು ನಾಲ್ಕು ಸಾಲಿನಲ್ಲೂ ಒಂದೇ ಮಾತು ಬರೆದಳು: 'ಹೆದರಿದ್ದೆ.'

ಅರ್ಧ ಡಾಕ್ಟರು ಬಗ್ಗಿ ಓದಿದಳು. "ಇದನ್ನ ಹಿಂಗೇ ಬರೀಬಹುದಾ ಕತ್ತಲಮ್ಮ?"

"ಕಾರಣ ಕೇಳಿದಾರೆ. ಕಾರಣ ಅದೇ ಅಲ್ವೇನಮ್ಮ."

ಅರ್ಧ ಡಾಕ್ಟರು ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ನಾಲ್ಕೂ ಸಾಲಿನ ಕೆಳಗೆ, ನಾನು ನೋಡಿದ್ದೇನೆ ಎಂದು ತನ್ನ ಸಹಿ ಹಾಕಿದಳು.